ಹಣ್ಣಿನ ನೊಣ ಕಲಿಸುವ ಪಾಠ



ನಾಸಿಕದ ದ್ರಾಕ್ಷಿಯಾಗಲಿ, ಛತ್ರಪತಿ ಸಂಭಾಜಿನಗರದ ಬಳಿಯ ದೌಲತಾಬಾದಿನ ಸೀತಾಫಲವಾಗಲಿ, ಮಾಗಿ ಎರಡು ದಿನ ಬುಟ್ಟಿಯಲ್ಲಿ ಉಳಿದರೆ ಸಾಕು, ಸಣ್ಣ ನೊಣಗಳು ಮುತ್ತುತ್ತವೆ. ನಾವು ಕೈಬೀಸಿ ಓಡಿಸುತ್ತೇವೆ. ಮೈಸೂರಿನ ಪ್ರಾಧ್ಯಾಪಕರೊಬ್ಬರಾದರೋ ಅಂತಹ ನೊಣಗಳನ್ನೇ ಸೀಸೆಯಲ್ಲಿಟ್ಟು ಸಾಕಿ, ಹೊಸ ಜೀವಜಾತಿಗಳು ಹುಟ್ಟುವ ಬಗೆಯನ್ನು ದೀರ್ಘಕಾಲ ಅರಸಿದರು.

ಅವರೇ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದ ಪ್ರೊ. ಎಚ್. ಎ. ರಂಗನಾಥರು. ನಮ್ಮ ದೇಶದಲ್ಲಿ ದೊರೆಯುವ ನಸೂಟ ಎಂಬ ಹಣ್ಣಿನ ನೊಣಕ್ಕೆ 8 ವರ್ಣತಂತುಗಳು. ಥಾಯ್ಲೆಂಡ್ ಮೊದಲಾದ ಪೂರ್ವದೇಶಗಳ ಆಲ್ಬೊಮಿಕನ್ಸ್ ಎಂಬ ಅದರ ದಾಯಾದಿಗೆ 6. ಕುದುರೆ ಕತ್ತೆಗಳ ಸಂಕರದಿಂದ ಹುಟ್ಟಿದ ಹೇಸರಗತ್ತೆಗೆ ಸಾಮಾನ್ಯವಾಗಿ ಸಂತಾನವಿಲ್ಲ. ಈ ನೊಣಗಳ ಸಂಕರಕ್ಕಾದರೋ ಸಂತಾನವುಂಟು. ರಂಗನಾಥರೂ ಅವರ ಸಂಗಡಿಗರಾದ ಎನ್. ಬಿ. ರಾಮಚಂದ್ರರೂ ಅದನ್ನು ಪೀಳಿಗೆಯಿಂದ ಪೀಳಿಗೆಗೆ ಬೆಳೆಸುತ್ತ ಹೋದರು. ತಾಯಿಯಂತೆಯೂ ಅಲ್ಲದ, ತಂದೆಯಂತೆಯೂ ಅಲ್ಲದ ವರ್ಣತಂತು ಜೋಡಣೆಯುಳ್ಳ ಹೊಸ ತಳಿಗಳು ಅಲ್ಲಿ ನೆಲೆಗೊಂಡವು. 1986ರಲ್ಲಿ ‘ಕ್ರೋಮೊಸೋಮ’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಇದರ ವರದಿ ಪ್ರಕಟವಾಯಿತು. ಇವನ್ನು ಪೂರ್ಣ ಹೊಸ ಜೀವಜಾತಿಗಳೆನ್ನುವುದು ಆತುರವಾದೀತು. ಕವಲೊಡೆಯುವ ದಾರಿಯ ಮೊದಲ ಹೆಜ್ಜೆಗಳೆನ್ನಬಹುದು.

ಇದನ್ನು ಈಗ ಹೇಳಲು ಕಾರಣವುಂಟು. 2023ರಲ್ಲಿ ಎನ್‌ಸಿಇಆರ್‌ಟಿ ಸಂಸ್ಥೆಯು ತನ್ನ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟಿತು. ಮಕ್ಕಳ ಹೊರೆ ಇಳಿಸಬೇಕೆಂಬ ಉದ್ದೇಶ ಮೆಚ್ಚತಕ್ಕದ್ದೇ. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಆ ವಿಷಯ ಉಳಿದಿರುವುದೂ ನಿಜ. ಆದರೆ ಹತ್ತಕ್ಕೇ ಓದು ನಿಲ್ಲಿಸುವ ಹುಡುಗನಿಗೆ, ವಾಣಿಜ್ಯ ವಿಭಾಗ ಸೇರುವ ಹುಡುಗಿಗೆ ಆ ಬಾಗಿಲು ತೆರೆಯುವುದೆಂದು? ನನ್ನೊಡನೆ ಕನ್ನಡದಲ್ಲಿ ಮೆಟ್ರಿಕ್ ಮುಗಿಸಿದ ಹಲವರಿಗೆ ಅದೇ ಕೊನೆಯ ಓದಾಯಿತು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಇಲ್ಲಿಗೆ ಬಂದ ನಮ್ಮವರ ಮನೆಗಳಲ್ಲಿಯೂ ಅಂಥವರು ಎಷ್ಟೋ ಮಂದಿ. ಜೀವಲೋಕದ ಈ ವೈವಿಧ್ಯ ಹೇಗೆ ಬಂದಿತೆಂಬುದನ್ನು ತಿಳಿಯುವ ಹಕ್ಕು ಅವರಿಗಿಲ್ಲವೆ?

ಆದುದರಿಂದ ನನ್ನ ಅಭಿಪ್ರಾಯವಿಷ್ಟೆ: ಈ ಪಾಠ ಹತ್ತನೆಯ ತರಗತಿಯೊಳಗೇ ಇರತಕ್ಕದ್ದು, ಉರುಹೊಡೆದಲ್ಲ, ಕಣ್ಣಾರೆ ನೋಡಿ ಕಲಿಯತಕ್ಕದ್ದು. ಒಂದು ಸೀಸೆ, ಒಂದು ಮಾಗಿದ ಬಾಳೆಹಣ್ಣು, ಬಾಯಿಗೆ ತುಸು ಹತ್ತಿ ಇದ್ದರೆ ಸಾಕು. ನೊಣದ ಮರಿ, ಮರಿಯ ಮರಿ ಕೆಲವೇ ವಾರಗಳಲ್ಲಿ ಕಣ್ಣೆದುರು ಬೆಳೆಯುವುವು. ಪೀಳಿಗೆ ಎಂದರೇನೆಂಬುದು ಆಗ ತಾನಾಗಿ ತಿಳಿಯುವುದು. ನಾಳೆ ಹಣ್ಣಿನ ಬುಟ್ಟಿಗೆ ನೊಣ ಬಂದರೆ, ಕೈಬೀಸುವ ಮುನ್ನ ಕ್ಷಣಕಾಲ ನೋಡಿರಿ.