ವಿಮಾನವಾಹಕ ನೌಕೆಗೆ ಎರಡು ಒಡಲು ಬೇಕಾ?

ಭಾಗ 1/6

ಎರಡು ಅಥವಾ ಮೂರು ಒಡಲಿನ ವಿಮಾನವಾಹಕ ನೌಕೆಯ ಚಿತ್ರಗಳು ಫೀಡ್‌ನಲ್ಲಿ ಪದೇ ಪದೇ ಬರ್ತಾ ಇರ್ತವೆ. ಮೈದಾನದಷ್ಟು ಅಗಲದ ಡೆಕ್, ಕೆಳಗೆ ಕತ್ತಿಯಂಥ ಚೂಪು ಒಡಲುಗಳು, ಮೇಲೆ ಸಾಲಾಗಿ ನಿಂತ ಫೈಟರ್‌ಗಳು. ಕಾಮೆಂಟ್ ಮಾತ್ರ ಯಾವಾಗಲೂ ಒಂದೇ: "ಇದನ್ನ ಯಾಕೆ ಯಾರೂ ಕಟ್ಟಲ್ಲ?" ಈ ಸಲದ ಸರಣಿ ಆ ಪ್ರಶ್ನೆಗೆ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಫೈಟರ್ ಜೆಟ್ ಹಾರಿಸೋ ದೊಡ್ಡ ಹಡಗಿಗೆ ಇದು ಬೇಡ. ಡ್ರೋನ್ ಹಾರಿಸೋ ಸಣ್ಣ ಹಡಗಿಗೆ ಖಂಡಿತ ಬೇಕು. ಯಾಕೆ ಅನ್ನೋದನ್ನ ಒಂದೊಂದೇ ಫೋಟೋ ಇಟ್ಕೊಂಡು ನೋಡೋಣ.

ಮೊದಲು ಪದಗಳು. ಹಡಗಿನ ಕೆಳಗಿನ ಮೈಗೆ ಹಲ್ ಅಂತಾರೆ, ನಾನು ಒಡಲು ಅಂತೀನಿ. ಪಕ್ಕಪಕ್ಕ ಎರಡು ಒಡಲಿದ್ದರೆ ಕೆಟಮರಾನ್. ನಡುವೆ ದೊಡ್ಡದೊಂದು, ಆಚೀಚೆ ಚಿಕ್ಕವೆರಡು ಇದ್ದರೆ ಟ್ರೈಮರಾನ್. ಕೆಟಮರಾನ್ ಅನ್ನೋ ಪದ ಬಂದಿದ್ದು ತಮಿಳಿನ ಕಟ್ಟುಮರದಿಂದ. ಪಕ್ಕಕ್ಕೆ ತೇಲುದಿಮ್ಮಿ ಕಟ್ಟಿ ದೋಣಿ ಮಗುಚದಂತೆ ಮಾಡೋ ಉಪಾಯ ನಮ್ಮ ಕರಾವಳಿಯ ಮೀನುಗಾರರಿಗೂ ಹಳೇದು. ಅಂದ್ರೆ ಐಡಿಯಾ ಹೊಸದಲ್ಲ. ಅದನ್ನ 45,000 ಟನ್‌ಗೆ ಬೆಳೆಸಬಹುದಾ ಅನ್ನೋದು ಪ್ರಶ್ನೆ.

ಇದು ಬರೀ ಹರಟೆನೂ ಅಲ್ಲ. ಐಎನ್‌ಎಸ್ ವಿಕ್ರಾಂತ್‌ಗೆ ಅಡಿಪಾಯ ಹಾಕಿದ್ದು 2009ರಲ್ಲಿ, ಅದು ನೌಕಾಪಡೆ ಸೇರಿದ್ದು 2022ರ ಸೆಪ್ಟೆಂಬರ್ 2ರಂದು. ಖರ್ಚು ಸುಮಾರು 20,000 ಕೋಟಿ ರೂಪಾಯಿ. ಒಡಲಿನ ಆಕಾರ ತಪ್ಪಿದರೆ ಇಷ್ಟು ವರ್ಷ, ಇಷ್ಟು ದುಡ್ಡು ಹೋದಮೇಲೆ ತಿದ್ದೋಕೆ ಆಗಲ್ಲ.

ಭಾಗ 2/6

"ಒಡಲು ತೆಳ್ಳಗಾದರೆ ವೇಗ ಜಾಸ್ತಿ." ಎಲ್ಲರೂ ಮೊದಲು ಹೇಳೋದು ಇದನ್ನೇ. ಮಾತು ನಿಜ, ಆದರೆ ಅರ್ಧ ನಿಜ.

ಹಡಗು ಎರಡು ಕಡೆ ಶಕ್ತಿ ಕಳ್ಕೊಳ್ಳುತ್ತೆ. ಒಂದು, ನೀರು ಮೈಗೆ ಉಜ್ಜೋದರಲ್ಲಿ. ಇನ್ನೊಂದು, ಅಲೆ ಎಬ್ಬಿಸೋದರಲ್ಲಿ. ಅಲೆಯ ಖರ್ಚು ಎಷ್ಟು ಅಂತ ಅಂದಾಜು ಮಾಡೋಕೆ 19ನೇ ಶತಮಾನದ ಇಂಗ್ಲಿಷ್ ಎಂಜಿನಿಯರ್ ವಿಲಿಯಂ ಫ್ರೂಡ್ ಹೆಸರಿನ ಒಂದು ಸಂಖ್ಯೆ ಇದೆ. ಲೆಕ್ಕ ಸುಲಭ: ಹಡಗಿನ ಉದ್ದವನ್ನ 9.8ರಿಂದ ಗುಣಿಸಿ, ಅದರ ವರ್ಗಮೂಲ ತೆಗೀರಿ. ವೇಗವನ್ನ ಅದರಿಂದ ಭಾಗಿಸಿ. ಉತ್ತರ 0.4 ಹತ್ತಿರ ಬಂದಾಗ ಅಲೆಯ ಖರ್ಚು ಬೆಟ್ಟದ ಹಾಗೆ ಏರುತ್ತೆ. ತೆಳ್ಳಗಿನ ಒಡಲುಗಳು ಗೆಲ್ಲೋದು ಅಲ್ಲೇ.

ಈಗ ಎರಡು ಹಡಗು ಹೋಲಿಸೋಣ.

ಅಮೆರಿಕದ ಟ್ರೈಮರಾನ್ ಯುಎಸ್‌ಎಸ್ ಇಂಡಿಪೆಂಡೆನ್ಸ್: 127 ಮೀಟರ್, 40 ನಾಟ್. ಉತ್ತರ 0.58.

ವಿಕ್ರಾಂತ್: 262 ಮೀಟರ್, 28 ನಾಟ್. ಉತ್ತರ 0.28.

ವ್ಯತ್ಯಾಸ ಕಾಣ್ತಾ? ವಿಮಾನವಾಹಕ ಎಷ್ಟು ಉದ್ದ ಇದೆ ಅಂದ್ರೆ, ಅದಕ್ಕೆ ಬೇಕಾದ ವೇಗದಲ್ಲಿ ಅಲೆಯ ಬೆಟ್ಟ ಇನ್ನೂ ದೂರದಲ್ಲೇ ಇರುತ್ತೆ. ಆ ಹಂತದಲ್ಲಿ ಉಜ್ಜಾಟದ ಖರ್ಚೇ ದೊಡ್ಡದು. ಒಡಲು ಹೆಚ್ಚಾದಷ್ಟು ನೀರಿಗೆ ತಾಗೋ ಮೈಯೂ ಹೆಚ್ಚು. ಹಾಗಾಗಿ ಬಹು-ಒಡಲು ಇಲ್ಲಿ ಲಾಭಕ್ಕಿಂತ ನಷ್ಟ ತರುತ್ತೆ.

"ಹಾಗಾದ್ರೆ 40 ನಾಟ್‌ನಲ್ಲೇ ಓಡಿಸೋಣ, ಎದುರು ಗಾಳಿ ಜಾಸ್ತಿ ಸಿಕ್ಕಿ ವಿಮಾನ ಹೆಚ್ಚು ಭಾರ ಹೊತ್ತು ಹಾರುತ್ತೆ" ಅಂತ ಕೆಲವರು ವಾದಿಸ್ತಾರೆ. ಒಳ್ಳೇ ವಾದ. ಆದರೆ ಹಡಗಿಗೆ ಬೇಕಾದ ಶಕ್ತಿ ಸುಮಾರಾಗಿ ವೇಗದ ಘನದಂತೆ ಏರುತ್ತೆ. ವಿಕ್ರಾಂತ್‌ನಲ್ಲಿರೋದು ನಾಲ್ಕು ಎಲ್‌ಎಂ2500 ಗ್ಯಾಸ್ ಟರ್ಬೈನ್, ಒಟ್ಟು 88 ಮೆಗಾವ್ಯಾಟ್ (ಇವುಗಳನ್ನ ಜೋಡಿಸಿದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್). 40 ನಾಟ್ ಅಂದ್ರೆ ಅದರ ಮೂರು ಪಟ್ಟು. ಹನ್ನೊಂದು ಹನ್ನೆರಡು ಟರ್ಬೈನ್, ಅವುಗಳ ಇಂಧನ, ಗಾಳಿ ಎಳೆಯೋ ಕೊಳವೆ, ಹೊಗೆಗೂಡು ಎಲ್ಲಾ ಸೇರಿದರೆ ವಿಮಾನಕ್ಕೆ ಜಾಗ ಎಲ್ಲಿ? ತೆಳ್ಳಗಿನ ಒಡಲು ಇದರಲ್ಲಿ ಸ್ವಲ್ಪ ಉಳಿಸಬಹುದು, ಮೂರು ಪಟ್ಟನ್ನ ಒಂದು ಪಟ್ಟಿಗೆ ಇಳಿಸಲ್ಲ. ಅದೇ ಕೆಲಸವನ್ನ ಡೆಕ್ ಮೇಲಿನ ವಿದ್ಯುತ್ಕಾಂತೀಯ ಕೆಟಪಲ್ಟ್ ಮಾಡುತ್ತೆ, ಹಡಗಿನ ಒಡಲನ್ನ ಮುಟ್ಟದೇನೇ.

ಭಾಗ 3/6

ಎರಡನೇ ವಾದ ಅಗಲದ್ದು. ಎರಡು ಒಡಲಿನ ಮೇಲೆ ಹಾಸಿದರೆ ದೊಡ್ಡ ಡೆಕ್ ಸಿಗುತ್ತೆ ಅಲ್ವಾ?

ಸಿಗುತ್ತೆ. ಆದರೆ ಒಂದೇ ಒಡಲಿನ ಹಡಗು ಈ ಸಮಸ್ಯೆಯನ್ನ ಆಗಲೇ ಬಗೆಹರಿಸಿಕೊಂಡಿದೆ. ಈ ಭಾಗದ ಫೋಟೋದಲ್ಲಿ ಯುಎಸ್‌ಎಸ್ ಜೆರಾಲ್ಡ್ ಆರ್. ಫೋರ್ಡ್ ಹಡಗನ್ನ ಎದುರಿನಿಂದ ನೋಡಿ. ನೀರಿನ ಮಟ್ಟದಲ್ಲಿ ಅಗಲ ಸುಮಾರು 41 ಮೀಟರ್, ಡೆಕ್‌ನಲ್ಲಿ 78. ಕೊಡೆ ಬಿಚ್ಚಿದ ಹಾಗೆ ಮೇಲಕ್ಕೆ ಹೋದಂತೆ ಚಾಚಿಕೊಂಡಿದೆ. 1950ರ ದಶಕದ ಶುರುವಿನಲ್ಲಿ ಬ್ರಿಟಿಷರು ಓರೆ ಡೆಕ್ ಕಂಡುಹಿಡಿದ ಮೇಲೆ ಈ ಚಾಚು ಬೆಳೀತಾ ಬಂತು. ಅಗಲಕ್ಕೋಸ್ಕರ ಎರಡನೇ ಒಡಲು ಬೇಕಾಗಲೇ ಇಲ್ಲ.

ಇನ್ನು ಹೊಯ್ದಾಟ. ಬಹು-ಒಡಲಿನ ಹಡಗು ಪಕ್ಕಕ್ಕೆ ವಾಲೋದು ಕಡಿಮೆ, ಒಪ್ತೀನಿ. ಆದರೆ ವಾಲಿದಾಗ ಜರ್ಕ್ ಹೊಡೆದು ವಾಪಸ್ ಬರುತ್ತೆ. ಡೆಕ್ ಮೇಲೆ ಸರಪಳಿ ಬಿಗಿದು ನಿಲ್ಲಿಸಿದ ವಿಮಾನಕ್ಕೆ ಆ ಜರ್ಕ್ ಒಳ್ಳೇದಲ್ಲ. ಇಳಿಯೋ ಪೈಲಟ್‌ಗೆ ಹೆಚ್ಚು ಭಯ ಇರೋದು ಹಡಗಿನ ಹಿಂಭಾಗ ಮೇಲೆ-ಕೆಳಗೆ ಆಗೋದರದ್ದು. ಅದನ್ನ ತಗ್ಗಿಸೋದು ಮುಖ್ಯವಾಗಿ ಉದ್ದ. ಆ ಉದ್ದ ವಿಮಾನವಾಹಕಕ್ಕೆ ಮೊದಲೇ ಇದೆ.

ಒಳಗಿನ ಜಾಗವನ್ನೂ ಯೋಚಿಸಿ. ಕೆಟಮರಾನ್‌ನಲ್ಲಿ ಎಂಜಿನ್, ಇಂಧನ, ಮದ್ದುಗುಂಡು ಎಲ್ಲಾ ಎರಡು ಇಕ್ಕಟ್ಟು ಒಡಲುಗಳಿಗೆ ಹಂಚಿಹೋಗುತ್ತೆ. ಒಂದು ಒಡಲಿಗೆ ಟಾರ್ಪಿಡೊ ಬಿದ್ದು ನೀರು ನುಗ್ಗಿದರೆ ಹಡಗು ಆ ಕಡೆಗೆ ವಾಲುತ್ತೆ. ಡೆಕ್ ಇಳಿಜಾರಾದ ತಕ್ಷಣ ವಿಮಾನವಾಹಕದ ಕೆಲಸ ಮುಗೀತು, ಹಡಗು ಮುಳುಗದೇ ಇದ್ರೂ.

ಭಾಗ 4/6

ನನ್ನ ಪ್ರಕಾರ ಅಸಲಿ ತೀರ್ಪು ಕೊಡೋದು ಸಮುದ್ರ ಅಲ್ಲ, ದಡ.

ಹಡಗನ್ನ ಕಟ್ಟೋಕೆ ಮತ್ತು ರಿಪೇರಿ ಮಾಡೋಕೆ ಡ್ರೈ ಡಾಕ್ ಬೇಕು. ಚಾಚು ಇರೋ ಹಡಗಿನ ಡೆಕ್ ಡಾಕ್‌ನ ಗೋಡೆ ಮೇಲಿಂದ ಹಾದುಹೋಗಬಹುದು, ಕೆಳಗಿನ ಒಡಲು ಒಳಗೆ ಕೂತರೆ ಸಾಕು. ಕೆಟಮರಾನ್‌ಗೆ ಆ ಸೌಲಭ್ಯ ಇಲ್ಲ. ಅದು ನೀರಿನ ಮಟ್ಟದಲ್ಲೇ ಅಗಲ.

ಫೋರ್ಡ್ ಹುಟ್ಟಿದ್ದು ಅಮೆರಿಕದ ನ್ಯೂಪೋರ್ಟ್ ನ್ಯೂಸ್‌ನ 12ನೇ ಡ್ರೈ ಡಾಕ್‌ನಲ್ಲಿ. ಅದರ ಅಗಲ ಸುಮಾರು 76 ಮೀಟರ್. ಫೋರ್ಡ್‌ನ 78 ಮೀಟರ್ ಡೆಕ್‌ನ ಎರಡೂ ಅಂಚಿನ ಕೆಳಗೆ ಒಡಲು ಇಟ್ಟರೆ ಅದು ಹುಟ್ಟಿದ ಮನೆಗೇ ಹೋಗಲಾರದು! ನಮ್ಮ ಕೊಚ್ಚಿಯಲ್ಲಿ 2024ರ ಜನವರಿಯಲ್ಲಿ ಉದ್ಘಾಟನೆಯಾದ ಹೊಸ ಡಾಕ್ 310 ಮೀಟರ್ ಉದ್ದ. ಅಗಲ ಒಂದು ಭಾಗದಲ್ಲಿ 75, ಇನ್ನೊಂದು ಭಾಗದಲ್ಲಿ 60. ವಿಕ್ರಾಂತ್‌ನ ಡೆಕ್ 62 ಮೀಟರ್ ಅಗಲ. ಅಷ್ಟೇ ಅಗಲದ ಕೆಟಮರಾನ್ 60ರ ಭಾಗದಲ್ಲಿ ಕೂರಲ್ಲ. ಹೊಸ ಹಡಗಿನ ಜೊತೆ ಹೊಸ ಡಾಕ್, ಹೊಸ ಜೆಟ್ಟಿ, ಎಲ್ಲದಕ್ಕೂ ದುಡ್ಡು ಎಣಿಸಬೇಕು.

"ಅಷ್ಟು ದೊಡ್ಡ ಕೆಟಮರಾನ್ ಮುರಿದುಹೋಗುತ್ತೆ" ಅಂತ ಹೇಳೋರನ್ನ ಮಾತ್ರ ನಾನು ಒಪ್ಪಲ್ಲ. ಪಯನೀರಿಂಗ್ ಸ್ಪಿರಿಟ್ ಅನ್ನೋ ಹಡಗನ್ನ ನೋಡಿ: 382 ಮೀಟರ್ ಉದ್ದ, 124 ಮೀಟರ್ ಅಗಲ, ಮುಂದುಗಡೆ ಸೀಳಿದ ಹಾಗೆ ಎರಡು ಮೂತಿ. ಕಟ್ಟಿದ್ದು ದಕ್ಷಿಣ ಕೊರಿಯಾ. 2017ರಲ್ಲಿ ಉತ್ತರ ಸಮುದ್ರದ ಬ್ರೆಂಟ್ ಡೆಲ್ಟಾ ತೈಲ ವೇದಿಕೆಯ ಸುಮಾರು 24,000 ಟನ್‌ನ ಮೇಲ್ಭಾಗವನ್ನ ಒಂದೇ ಸಲಕ್ಕೆ ಎತ್ತಿತು. ಯಾವ ವಿಮಾನವಾಹಕಕ್ಕಿಂತಲೂ ಅಗಲ. ಅಂದ್ರೆ ಉಕ್ಕಿಗೆ ಸಾಧ್ಯ ಇದೆ. ಆದರೆ ಅದರ ವೇಗ ಸುಮಾರು 14 ನಾಟ್, ಎತ್ತೋ ಕೆಲಸಕ್ಕೆ ಒಳ್ಳೇ ಹವಾಮಾನ ನೋಡ್ಕೊಂಡು ಇಳಿಯುತ್ತೆ. ಯುದ್ಧನೌಕೆಗೆ ಆ ಆಯ್ಕೆ ಇಲ್ಲ. ಎರಡು ಒಡಲನ್ನ ಬೇರೆ ಬೇರೆ ಅಲೆ ಬೇರೆ ಬೇರೆ ಕಡೆ ಎಳೀವಾಗ ನಡುವಿನ ಸೇತುವೆ ತಿರುಚುತ್ತೆ. 30 ನಾಟ್‌ನಲ್ಲಿ ಅದನ್ನ ತಡೆಯೋಕೆ ಹಾಕೋ ಉಕ್ಕೆಲ್ಲಾ ವಿಮಾನ ಹೊರದ ಭಾರ.

2018ರಲ್ಲಿ ರಷ್ಯಾದ ಕ್ರಿಲೋವ್ ಸಂಶೋಧನಾ ಕೇಂದ್ರ ಅರೆ-ಕೆಟಮರಾನ್ ವಿಮಾನವಾಹಕದ ಮಾದರಿ ತೋರಿಸಿತ್ತು. ಅದು ಮಾದರಿಯಾಗೇ ಉಳಿದಿದೆ.

ಭಾಗ 5/6

ಹಾಗಾದ್ರೆ ಕಥೆ ಮುಗೀತಾ? ಇಲ್ಲ. ಹಡಗು ಚಿಕ್ಕದಾದ ತಕ್ಷಣ ಮೇಲಿನ ಲೆಕ್ಕ ಎಲ್ಲಾ ತಿರುಗುತ್ತೆ.

ಬ್ರಿಟನ್ 2000ದಲ್ಲಿ ಟ್ರೈಟನ್ ಅನ್ನೋ ಟ್ರೈಮರಾನ್ ಅನ್ನು ಪ್ರಯೋಗಕ್ಕೆ ಅಂತಲೇ ನೀರಿಗಿಳಿಸಿತು. 2010ರಲ್ಲಿ ಸೇವೆಗೆ ಬಂದ ಯುಎಸ್‌ಎಸ್ ಇಂಡಿಪೆಂಡೆನ್ಸ್‌ನ ತಾಯಿಬೇರು ಕ್ಯಾನರಿ ದ್ವೀಪಗಳ ಪ್ರಯಾಣಿಕರ ದೋಣಿ, ಬೆಂಚಿಹಿಗುವಾ ಎಕ್ಸ್‌ಪ್ರೆಸ್. ಸುಮಾರು 3,000 ಟನ್‌ನ ಹಡಗಿಗೆ 31 ಮೀಟರ್ ಮೀರಿದ ಅಗಲ, ಎರಡು ಹೆಲಿಕಾಪ್ಟರ್‌ಗೆ ಜಾಗ. ಅದೇ ತೂಕದ ಒಂದೇ ಒಡಲಿನ ಹಡಗಿನಲ್ಲಿ ಅಷ್ಟು ಡೆಕ್ ಸಿಗೋದು ಬಹಳ ಕಷ್ಟ.

ಆ ಸರಣಿಯ ಹಡಗುಗಳಲ್ಲಿ ತುಕ್ಕು, ಬಿರುಕು ಬಂದಿದ್ದೂ ನಿಜ. ಆದರೆ ಅವು ಅಲ್ಯೂಮಿನಿಯಂ ಹಡಗುಗಳು, ವಿಪರೀತ ವೇಗಕ್ಕೆ ಹಗುರಾಗಿ ಕಟ್ಟಿದ್ದವು. ದೂರನ್ನೆಲ್ಲಾ ಮೂರು ಒಡಲಿನ ತಲೆಗೆ ಕಟ್ಟಬಾರದು.

ನಮ್ಮಲ್ಲೂ ಒಂದು ಉದಾಹರಣೆ ಇದೆ, ಅದೂ ಕಾರವಾರದಲ್ಲಿ. ಐಎನ್‌ಎಸ್ ಮಕರ್, ಸುಮಾರು 500 ಟನ್‌ನ ಕೆಟಮರಾನ್ ಸಮೀಕ್ಷಾ ನೌಕೆ, 2012ರ ಸೆಪ್ಟೆಂಬರ್‌ನಲ್ಲಿ ಅಲ್ಲೇ ನೌಕಾಪಡೆ ಸೇರಿತು. ವಿಕ್ರಮಾದಿತ್ಯದ ನೆಲೆಯೂ ಅದೇ ಕಾರವಾರ. ಅಂಥ ಆರು ಹಡಗಿಗೆ ಆರ್ಡರ್ ಇತ್ತು, ಬಂದಿದ್ದು ಒಂದೇ. ಕಟ್ಟೋ ಕಂಪನಿ ಸೋತಿತು, ಆಕಾರ ಅಲ್ಲ.

ಈಗ ಡ್ರೋನ್ ಸೇರಿಸಿ. 2024ರ ನವೆಂಬರ್‌ನಲ್ಲಿ ಟರ್ಕಿಯ ಟಿಬಿ3 ಡ್ರೋನ್ ಅನಡೋಲು ಹಡಗಿನಿಂದ ಹಾರಿ ವಾಪಸ್ ಅಲ್ಲೇ ಇಳಿಯಿತು, ಕೆಟಪಲ್ಟ್ ಇಲ್ಲದೆ. ಅದರ ತೂಕ ಹೆಚ್ಚೆಂದರೆ ಒಂದೂವರೆ ಟನ್ ಆಸುಪಾಸು. ಮಿಗ್-29ಕೆ 20 ಟನ್ ಮೀರುತ್ತೆ. ವಿಮಾನ ಇಷ್ಟು ಹಗುರಾದಾಗ ಹಡಗು 260 ಮೀಟರ್ ಇರಲೇಬೇಕು ಅಂತಿಲ್ಲ. ಹಡಗು ಚಿಕ್ಕದಾದರೆ ಉದ್ದದಿಂದ ಬರೋ ವೇಗ, ಸ್ಥಿರತೆ ಎರಡೂ ಹೋಗುತ್ತೆ. ಅವನ್ನ ವಾಪಸ್ ಕೊಡೋದು ಪಕ್ಕದ ಒಡಲುಗಳೇ. 30 ಮೀಟರ್ ಅಗಲಕ್ಕೆ ಡಾಕ್ ಹುಡುಕೋದೂ ಕಷ್ಟ ಅಲ್ಲ.

ಭಾಗ 6/6

ನನಗೆ ಬೇಕಾಗಿರೋದು ಇಷ್ಟು. ಮುಂದಿನ ದೊಡ್ಡ ವಿಮಾನವಾಹಕ ಒಂದೇ ಒಡಲಿನದ್ದಾಗಿರಲಿ, ಅದರಲ್ಲಿ ಹೊಸ ಪ್ರಯೋಗ ಬೇಡ. ಅದರ ಜೊತೆಗೆ 120-130 ಮೀಟರ್‌ನ ಒಂದೇ ಒಂದು ಉಕ್ಕಿನ ಟ್ರೈಮರಾನ್ ಡ್ರೋನ್ ಹಡಗು ಕಟ್ಟಿ ನೋಡಲಿ. ಮಾದರಿ ಎಳೆದು ಪರೀಕ್ಷಿಸೋ ದೊಡ್ಡ ತೊಟ್ಟಿ ವಿಶಾಖಪಟ್ಟಣದ ಡಿಆರ್‌ಡಿಒ ಪ್ರಯೋಗಾಲಯದಲ್ಲಿದೆ. ಸೋತರೂ ಕಳ್ಕೊಳ್ಳೋದು ಒಂದು ಚಿಕ್ಕ ಹಡಗು, ಹದಿಮೂರು ವರ್ಷ ಅಲ್ಲ.

ನನ್ನ ವಾದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ: ಸಣ್ಣ ಹಡಗು ದೂರ ಹೋಗಲ್ಲ, ಇಂಧನ ಸಾಲಲ್ಲ, ಟ್ರೈಮರಾನ್‌ಗೆ ಭಾರ ಹೆಚ್ಚಾದರೆ ವೇಗ ಬೇಗ ಕುಗ್ಗುತ್ತೆ. ಒಪ್ತೀನಿ. ಅದಕ್ಕೇ ಅದು ವಿಕ್ರಾಂತ್ ಬದಲಿಗೆ ಅಲ್ಲ, ವಿಕ್ರಾಂತ್ ಪಕ್ಕದಲ್ಲಿ. ಗಸ್ತು, ಕಣ್ಗಾವಲು, ಜಲಾಂತರ್ಗಾಮಿ ಹುಡುಕಾಟ ಡ್ರೋನ್‌ಗಳಿಗೆ ಬಿಡಿ. ಫೈಟರ್‌ಗಳು ದೊಡ್ಡ ಡೆಕ್‌ನಲ್ಲಿರಲಿ.

ಮೆಕ್ಯಾನಿಕಲ್, ಏರೋ ಓದ್ತಿರೋ ಗೆಳೆಯರಿಗೆ: ಮುಂದಿನ ಪ್ರಾಜೆಕ್ಟ್‌ಗೆ ಹಡಗು ಡಿಸೈನ್ ಮಾಡಿದ್ರೆ, ಚಿತ್ರದ ಪಕ್ಕದಲ್ಲಿ ಎರಡು ಅಂಕಿ ಬರೀರಿ. ಒಂದು ಫ್ರೂಡ್ ಸಂಖ್ಯೆ, ಇನ್ನೊಂದು ಅದು ಕೂರೋ ಡಾಕ್‌ನ ಅಗಲ. ಅರ್ಧ ಚರ್ಚೆ ಅಲ್ಲೇ ಮುಗಿಯುತ್ತೆ.

ಒಪ್ಪದೇ ಇರೋರು ಕಾಮೆಂಟ್‌ನಲ್ಲಿ ಲೆಕ್ಕದ ಸಮೇತ ಬನ್ನಿ, ಒಳ್ಳೇ ವಾದಗಳನ್ನ ಸ್ಟೋರಿಗೆ ಹಾಕ್ತೀನಿ. ಮುಂದಿನ ಸರಣಿ: ಸ್ಕೀ-ಜಂಪ್ ಸಾಕಾ, ಕೆಟಪಲ್ಟ್ ಬೇಕಾ? ಸೇವ್ ಮಾಡ್ಕೊಳಿ.

#ಹಡಗುಕಥೆ #ವಿಮಾನವಾಹಕ #ಟ್ರೈಮರಾನ್ #ಕಾರವಾರ #ಕನ್ನಡದಲ್ಲಿವಿಜ್ಞಾನ