ಚೀಟಿಯಲ್ಲಿ ಬಂದ ವಿದ್ಯೆ

ನ್ಯೂಯಾರ್ಕ್ ಮಹಾನಗರದ ಹಾರ್ಲೆಮ್ ಎಂಬ ಬಡಾವಣೆಯಲ್ಲಿ 2004ರಲ್ಲಿ 'ಪ್ರಾಮಿಸ್ ಅಕಾಡೆಮಿ' ಎಂಬ ವಿದ್ಯಾಶಾಲೆಯೊಂದು ಆರಂಭವಾಯಿತು. ಪ್ರಾಮಿಸ್ ಎಂದರೆ ವಾಗ್ದಾನ. ಹೆಸರಿನಲ್ಲಿಯೇ ಮಾತು ಕೊಟ್ಟ ಶಾಲೆಯನ್ನು ಆ ಮಾತಿನಿಂದಲೇ ಅಳೆಯುವುದು ನ್ಯಾಯ.

ಅಮೆರಿಕದಲ್ಲಿ ಇಂತಹವನ್ನು ಚಾರ್ಟರ್ ಶಾಲೆ, ಎಂದರೆ ಸನದು ಪಡೆದ ಶಾಲೆ, ಎನ್ನುತ್ತಾರೆ. ಹಣ ಸಾರ್ವಜನಿಕರದು, ಆಡಳಿತ ಸ್ವತಂತ್ರ ಮಂಡಳಿಯದು, ಶುಲ್ಕವಿಲ್ಲ. ಇದಕ್ಕೆ ಮೊದಲ ಶಾಸನ ಮಾಡಿದ್ದು 1991ರಲ್ಲಿ ಮಿನ್ನೆಸೋಟ ರಾಜ್ಯ. ನ್ಯೂಯಾರ್ಕ್ ರಾಜ್ಯ 1998ರಲ್ಲಿ ಅದನ್ನು ಅನುಸರಿಸಿತು. ಸ್ಥಾನಗಳಿಗಿಂತ ಅರ್ಜಿಗಳು ಹೆಚ್ಚಾದಾಗ ಚೀಟಿ ಎತ್ತಿ ಮಕ್ಕಳನ್ನು ಆರಿಸಬೇಕೆಂಬುದು ಕಟ್ಟಳೆ.

ಶಾಲೆಯ ಸ್ಥಾಪಕರು ಜೆಫ್ರಿ ಕೆನಡಾ. (ಕೆನಡಾ ಎಂಬುದು ಅವರ ಮನೆತನದ ಹೆಸರು, ದೇಶದ್ದಲ್ಲ.) 1952ರಲ್ಲಿ ಜನಿಸಿ, ಅದೇ ನಗರದ ದಕ್ಷಿಣ ಬ್ರಾಂಕ್ಸ್ ಪ್ರದೇಶದ ಬಡತನದಲ್ಲಿ ಬೆಳೆದು, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಣಶಾಸ್ತ್ರವನ್ನು ವ್ಯಾಸಂಗ ಮಾಡಿದವರು. ಶಾಲೆಯೊಂದರಿಂದಲೇ ಬಡತನ ನೀಗದೆಂದು ಬಗೆದು, ಗರ್ಭಿಣಿಯರಿಗೂ ಎಳೆಗೂಸುಗಳ ತಾಯ್ತಂದೆಯರಿಗೂ ಶಿಶುಪಾಲನೆಯ ತರಗತಿಗಳನ್ನು ನಡೆಸಿದರು. ಶಾಲೆಯ ದಿನವನ್ನೂ ವರ್ಷವನ್ನೂ ದೀರ್ಘಗೊಳಿಸಿದರು.

ಮೊದಲ ವರ್ಷ ಶಿಶುವಿಹಾರಕ್ಕೂ ಆರನೆಯ ತರಗತಿಗೂ ಚೀಟಿ ಎತ್ತಲಾಯಿತು. ಬಂದ ಮಕ್ಕಳನ್ನು ಕಾಲೇಜಿನವರೆಗೂ ಮುಟ್ಟಿಸುವುದಾಗಿ ಪೋಷಕರಿಗೆ ಭರವಸೆ ದೊರೆಯಿತು. ಹೆಸರು ಬಾರದವರು ಬರಿಗೈಯಲ್ಲಿ ಹಿಂದಿರುಗಿದರು. ವಿದ್ಯೆಯನ್ನು ಚೀಟಿಯಿಂದ ಹಂಚುವುದು ಸಮಂಜಸವೇ? ಸಿರಿವಂತರ ಶಿಫಾರಸಿಗಿಂತ ಚೀಟಿ ಮೇಲೆಂಬುದು ನಿಜ; ಆದರೆ ಒಳ್ಳೆಯ ಶಾಲೆ ವಿರಳವಾಗಿರುವ ಊರಿನಲ್ಲಿ ಮಾತ್ರ ಚೀಟಿಯ ಅವಶ್ಯಕತೆ ಬೀಳುತ್ತದೆ.

ವಿದ್ವಾಂಸರಿಗೆ ಮಾತ್ರ ಆ ಚೀಟಿ ಉಪಕಾರವನ್ನೇ ಮಾಡಿತು. ಡಾಬಿ ಮತ್ತು ಫ್ರೈಯರ್ ಎಂಬ ಅರ್ಥಶಾಸ್ತ್ರಜ್ಞರು ಹೆಸರು ಬಂದವರನ್ನೂ ಬಾರದವರನ್ನೂ ಹೋಲಿಸಿ 2011ರಲ್ಲಿ ಪ್ರಬಂಧ ಪ್ರಕಟಿಸಿದರು. ಕಪ್ಪು ಜನಾಂಗದ ಮಕ್ಕಳಿಗೂ ಬಿಳಿಯರ ಮಕ್ಕಳಿಗೂ ಗಣಿತದಲ್ಲಿದ್ದ ಅಂತರವನ್ನು ಮಾಧ್ಯಮಿಕ ಹಂತದಲ್ಲಿ ಮುಚ್ಚುವಷ್ಟು ಪ್ರಗತಿ ಇಲ್ಲಿ ಸಾಧ್ಯವಾಯಿತೆಂದು ಅವರ ನಿರ್ಣಯ. ಬಡವರ ಮಕ್ಕಳಿಗೆ ಗಣಿತ ಹತ್ತದೆಂಬ ಆಲಸ್ಯದ ಮಾತಿಗೆ ಇದಕ್ಕಿಂತ ಸಮರ್ಪಕವಾದ ಉತ್ತರ ಬೇಕಿಲ್ಲ.

ಆದರೆ ಈ ಕೀರ್ತಿಯ ಹಿಂದೆ ಮರೆಯಲಾಗದ ಸಂಗತಿಯೊಂದಿದೆ. 2004ರಲ್ಲಿ ಆರನೆಯ ತರಗತಿಗೆ ಬಂದವರಲ್ಲಿ ಅನೇಕರು ಓದಿನಲ್ಲಿ ಬಹಳ ಹಿಂದುಳಿದಿದ್ದರು. ಆಡಳಿತ ಮಂಡಳಿಯಲ್ಲಿದ್ದ ದಾನಿಗಳು ಬಯಸಿದ ತ್ವರೆಯಲ್ಲಿ ಪರೀಕ್ಷಾಫಲ ದೊರೆಯಲಿಲ್ಲ. 2007ರಲ್ಲಿ ಆ ಮಕ್ಕಳು ಎಂಟನೆಯ ತರಗತಿಯಲ್ಲಿದ್ದಾಗ, ಅವರಿಗಾಗಿ ಒಂಬತ್ತನೆಯ ತರಗತಿಯನ್ನು ತೆರೆಯುವುದಿಲ್ಲವೆಂದು ಕೆನಡಾ ತಿಳಿಸಬೇಕಾಯಿತು. ಕೆಳಗಿನ ತರಗತಿಗಳನ್ನು ಗಟ್ಟಿಮಾಡಲು ಇದು ಅನಿವಾರ್ಯವೆಂಬ ಸಮರ್ಥನೆಯಲ್ಲಿ ಹುರುಳಿಲ್ಲವೆನ್ನಲಾಗದು. ಆದರೂ ಹೊಣೆ ತಪ್ಪಿದ್ದು ಮಕ್ಕಳದಲ್ಲ. ಹನ್ನೊಂದು ವರ್ಷ ಹಿಂದುಳಿದ ಮಗು ಮೂರು ವರ್ಷದಲ್ಲಿ ಮುಂದಾಗಬೇಕೆಂದು ದಾನಿಯು ಆತುರಪಡಬಹುದು. ಪಾಠ ಹೇಳುವವನು ಆ ಆತುರಕ್ಕೆ ತಲೆಬಾಗಬಾರದಿತ್ತು. ಲೆಕ್ಕಪತ್ರದಲ್ಲಿ ದಾನಕ್ಕೆ ಅವಧಿಯುಂಟು, ಕಲಿಕೆಗೆ ಅಂತಹ ಅವಧಿಯಿಲ್ಲ.

ಮುಂದಿನ ತಂಡಗಳಿಗೆ ಪ್ರೌಢಶಾಲೆ ತೆರೆಯಿತು. ಅಲ್ಲಿಂದ ವಿದ್ಯಾರ್ಥಿಗಳು ಕಾಲೇಜು ಸೇರಿದರು. 2007ರ ಮಕ್ಕಳು ನಗರದ ಬೇರೆ ಬೇರೆ ಶಾಲೆಗಳಲ್ಲಿ ಹಂಚಿಹೋದರು.