ಚೀಲದ ಚೀಟಿಯೂ ತಕ್ಕಡಿಯೂ

ಲಾರಿಯ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಚೀಟಿಯನ್ನು ನಾವೆಲ್ಲ ಕಂಡಿದ್ದೇವೆ. 2021ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ಅದು ಕಡ್ಡಾಯವಾಯಿತು. ಅದರೊಳಗಿನ ವಿದ್ಯೆಯ ಹೆಸರು ಆರ್‌ಎಫ್‌ಐಡಿ. ಒಂದು ಸಣ್ಣ ಚಿಪ್, ಒಂದು ತೆಳು ಆಂಟೆನಾ, ಅಷ್ಟೇ. ಬ್ಯಾಟರಿ ಇಲ್ಲ, ಓದುವ ಯಂತ್ರದ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ತನ್ನ ನಂಬರನ್ನು ತಿಳಿಸುತ್ತದೆ. ಯಾವ ಸರಕು ಎಲ್ಲಿದೆಯೆಂದು ಅರಿಯಲು ಅಮೆರಿಕದ ವಾಲ್‌ಮಾರ್ಟ್ ಕಂಪನಿ 2003ರಲ್ಲೇ ತನಗೆ ಸರಕು ಒದಗಿಸುವ 100 ದೊಡ್ಡ ಕಂಪನಿಗಳಿಗೆ, ಪೆಟ್ಟಿಗೆಗಳಿಗೆ ಇಂಥ ಚೀಟಿ ಹಚ್ಚಿರೆಂದು ಹೇಳಿತ್ತು.

ನಾಳೆ ನಮ್ಮ ಚಹಾ ಸೊಪ್ಪಿನ ಚೀಲಕ್ಕೂ ಇದು ಬಂದರೆ ವಿರೋಧಿಸಬೇಕೆ? ಬೇಡ. ಒಬ್ಬರ ಚೀಲ ಇನ್ನೊಬ್ಬರ ಲೆಕ್ಕಕ್ಕೆ ಸೇರುವುದು ತಪ್ಪೀತು. ಆದರೆ ಚೀಟಿ ಹೇಳುವುದು ಚೀಲ ಯಾರದೆಂದು ಮಾತ್ರ. ಸೊಪ್ಪು ಎಷ್ಟೆಂದು ಹೇಳುವುದು ತಕ್ಕಡಿ. ತಕ್ಕಡಿ ತಪ್ಪಿದರೆ ಆ ತಪ್ಪೇ ಕಂಪ್ಯೂಟರಿಗೆ ಏರುತ್ತದೆ. ಮಳೆಯಲ್ಲಿ ನೆನೆದ ಸೊಪ್ಪಿನ ನೀರು ರೇಡಿಯೋ ಅಲೆಯನ್ನು ಹೀರುವುದರಿಂದ ಕೆಲವು ಚೀಲಗಳನ್ನು ಯಂತ್ರ ಓದದೆಯೂ ಬಿಡಬಹುದು.

ಆದ್ದರಿಂದ ನಾವು ಕೇಳಬೇಕಾದದ್ದು ಎರಡು. ತೂಕ ನಮ್ಮ ಕಣ್ಣೆದುರು ಆಗಲಿ. ಆ ದಿನದ ಕಿಲೋ ಬರೆದ ಕಾಗದ ಆ ದಿನವೇ ನಮ್ಮ ಕೈಗೆ ಸಿಗಲಿ. ಅದನ್ನು ಮನೆಯ ಪುಸ್ತಕದಲ್ಲೂ ಬರೆದಿಡೋಣ. ಸಂಬಳದ ದಿನ ಯಂತ್ರದ ಲೆಕ್ಕಕ್ಕೆ ನಮ್ಮ ಲೆಕ್ಕ ಹೊಂದುತ್ತದೆಯೇ ನೋಡೋಣ.